ಇನ್‌ಫ್ಲುಯೆಂಜಾ ವಾಯುಪ್ರಸರಣದ ಅಧ್ಯಯನ

ಇನ್‌ಫ್ಲುಯೆಂಜಾ ವೈರಸ್ ಗಾಳಿಯ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಬಗೆಯನ್ನು ಪರಿಶೀಲಿಸುವ ಸಂಶೋಧನಾ ಕ್ಷೇತ್ರ. ರೋಗಿ ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ, ಉಸಿರಾಡಿದಾಗ ಬಗೆಬಗೆಯ ಗಾತ್ರದ ಹನಿಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ಬೇಗ ಕೆಳಗಿಳಿಯುತ್ತವೆ. ಕೆಲವೇ ಮೈಕ್ರೋಮೀಟರ್ ಗಾತ್ರದವು ಬಹಳ ಹೊತ್ತು ತೇಲಿ, ಶ್ವಾಸಕೋಶದ ಆಳವನ್ನೂ ತಲುಪಬಲ್ಲವು.

1933ರಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೈಡ್ಲಾ ರೋಗಿಗಳ ಗಂಟಲು ತೊಳೆದ ದ್ರವದಿಂದ ಫೆರೆಟ್ ಪ್ರಾಣಿಗಳಿಗೆ ಸೋಂಕು ತಗುಲಿಸಿ ಮಾನವ ಇನ್‌ಫ್ಲುಯೆಂಜಾ ವೈರಸ್ಸನ್ನು ಗುರುತಿಸಿದರು. ಇಂದಿಗೂ ಪ್ರಸರಣದ ಪ್ರಯೋಗಗಳಿಗೆ ಫೆರೆಟ್ ಮುಖ್ಯ ಮಾದರಿ. ಸೋಂಕಿತ ಮತ್ತು ಆರೋಗ್ಯವಂತ ಪ್ರಾಣಿಗಳನ್ನು ಗಾಳಿಯಷ್ಟೇ ಹಾಯುವ ಬೇರೆಬೇರೆ ಗೂಡುಗಳಲ್ಲಿಟ್ಟು ಸೋಂಕು ದಾಟುವುದೇ ಎಂದು ನೋಡಲಾಗುತ್ತದೆ.

ಕ್ಷೇತ್ರಾಧ್ಯಯನಗಳಲ್ಲಿ 1977ರ ಅಲಾಸ್ಕಾದ ಪ್ರಕರಣ ಪ್ರಸಿದ್ಧ. ಎಂಜಿನ್ ಕೆಟ್ಟು ಸುಮಾರು ಮೂರು ಗಂಟೆ ನಿಂತ, 54 ಜನರಿದ್ದ ವಿಮಾನದಲ್ಲಿ ವಾತಾಯನ ವ್ಯವಸ್ಥೆ ಸ್ಥಗಿತವಾಗಿತ್ತು. ಒಳಗೆ ಒಬ್ಬ ರೋಗಿಯಿದ್ದರು. 72 ಗಂಟೆಗಳೊಳಗೆ ಶೇ. 72ರಷ್ಟು ಪ್ರಯಾಣಿಕರು ಕಾಯಿಲೆ ಬಿದ್ದರು. ಒಳಗೆ ಹೆಚ್ಚು ಹೊತ್ತು ಕುಳಿತವರಲ್ಲಿ ಪ್ರಮಾಣವೂ ಹೆಚ್ಚಿತ್ತು.

2007ರಲ್ಲಿ ನ್ಯೂಯಾರ್ಕಿನಲ್ಲಿ ಗಿನಿಯಿಲಿಗಳ ಮೇಲೆ ನಡೆದ ಪ್ರಯೋಗಗಳು ತಂಪಾದ, ಒಣ ಗಾಳಿಯಲ್ಲಿ ಪ್ರಸರಣ ಸುಲಭವೆಂದು ತೋರಿಸಿದವು. ಸಮಶೀತೋಷ್ಣ ವಲಯದ ಚಳಿಗಾಲದ ಫ್ಲೂಗೆ ಇದು ಒಂದು ವಿವರಣೆ. 2018ರಲ್ಲಿ ಪ್ರಕಟವಾದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಧ್ಯಯನವು ಕೆಮ್ಮದೆ ಬರಿದೆ ಉಸಿರಾಡುವಾಗಲೂ ರೋಗಿಗಳು ಸಜೀವ ವೈರಸ್ ಹೊರಬಿಡಬಲ್ಲರೆಂದು ಸ್ಥಾಪಿಸಿತು.

ಶಾಲೆ, ಆಸ್ಪತ್ರೆ, ಬಸ್ಸುಗಳಂಥ ಜನನಿಬಿಡ ಸ್ಥಳಗಳಲ್ಲಿ ಕಿಟಕಿ ತೆರೆದಿಡುವುದು, ರೋಗಿಗಳು ಮಾಸ್ಕ್ ಧರಿಸುವುದು ಮತ್ತು ಲಸಿಕೆ ಪಡೆಯುವುದು ಸೋಂಕು ಹರಡುವಿಕೆಯನ್ನು ತಗ್ಗಿಸುವ ಮುಖ್ಯ ಕ್ರಮಗಳು.