ಶರೀಫಜ್ಜನ ಪದಕ್ಕೆ ಗಿಟಾರ್

ಇಂಗ್ಲಿಷ್ ಶಾಲೆಯ ಮಕ್ಕಳೆದುರು ಕನ್ನಡ ಹಾಡಲು ಹಿಂಜರಿಯುವ ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಮಕ್ಕಳಿಗೆ ನಾವು ರಘು ದೀಕ್ಷಿತರ ಕಥೆ ಹೇಳುತ್ತೇವೆ. ಅವರು 1974ರಲ್ಲಿ ಹುಟ್ಟಿದ್ದು ನಮ್ಮ ಮಹಾರಾಷ್ಟ್ರದ ನಾಸಿಕದಲ್ಲೇ! ಬೆಳೆದದ್ದು ಮೈಸೂರಿನಲ್ಲಿ. ಭರತನಾಟ್ಯ ಕಲಿಯುತ್ತಿದ್ದವರನ್ನು ಸಹಪಾಠಿಯೊಬ್ಬ ಹಂಗಿಸಿದಾಗ ಪಂತ ಕಟ್ಟಿ ಗಿಟಾರ್ ಹಿಡಿದರು. ಸೂಕ್ಷ್ಮಜೀವಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದರೂ ಕೊನೆಗೆ ನೌಕರಿ ಬಿಟ್ಟು ಹಾಡನ್ನೇ ನಂಬಿದರು. 2008ರ ಮೊದಲ ಆಲ್ಬಮ್‌ನಲ್ಲೇ ಶಿಶುನಾಳ ಶರೀಫರ (1819–1889) ಗುಡುಗುಡಿಯ ಪದವಿತ್ತು. ನಮ್ಮ ಭಜನೆಗಳಲ್ಲಿ ಏಕತಾರಿ, ತಾಳದೊಂದಿಗೆ ಸಾಗುವ ತತ್ವಪದಕ್ಕೆ ಅಲ್ಲಿ ರಾಕ್ ಲಯ. ಹಿರಿಯರಿಗೆ ಗದ್ದಲವೆನಿಸೀತು, ನಮಗಂತೂ ಹಿಡಿಸಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೂ ಹೋಗಿಬಂದರು. 2013ರ ‘ಜಗ್ ಚಂಗಾ’ದಲ್ಲಿ ಮತ್ತೆ ಶರೀಫರೇ. ಶಾಲೆಯ ಸ್ನೇಹಸಮ್ಮೇಳನದಲ್ಲಿ ಹಾಡಿಸಿ ನೋಡಿ. ಗಿಟಾರ್ ಸಿಗದಿದ್ದರೆ ಹಾರ್ಮೋನಿಯಂ ಇದ್ದೇ ಇದೆಯಲ್ಲ.