ಮೊಂಡ ಕುದುರೆಯನ್ನು ಪಳಗಿಸುವ ವಿದ್ಯೆ

ಕಚ್ಚುವ, ಒದೆಯುವ, ಮುಂಗಾಲೆತ್ತಿ ನಿಲ್ಲುವ ಕುದುರೆಯನ್ನು ಅಪಾಯವಿಲ್ಲದೆ ಹಿಡಿತಕ್ಕೆ ತರುವ ವಿದ್ಯೆ ಇದು. ಬೆಳಗಾವಿ ಜಿಲ್ಲೆಯ ಗಡಿಸೀಮೆಯಲ್ಲಿ ಇದು ಇಂದಿಗೂ ಹೊಟ್ಟೆಪಾಡಿನ ಮಾತು. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಘ ಮಾಸದ ಮಾಯಕ್ಕದೇವಿ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರಗಳ ಕುರುಬರೂ ಧನಗರರೂ ಸೇರುತ್ತಾರೆ. ಈ ಭಾಗದ ಅಲೆಮಾರಿ ಕುರಿಗಾರರ ಬಿಡಾರ ಸಾಗುವುದು ತಟ್ಟುಗಳ ಬೆನ್ನ ಮೇಲೆ. ಕಂಬಳಿ, ಪಾತ್ರೆ, ಎಳೆಯ ಮರಿ ಎಲ್ಲವೂ ಅವುಗಳ ಮೇಲೆಯೇ. ತಟ್ಟು ಬೆದರಿ ಓಡಿತೆಂದರೆ ಸಂಸಾರವೇ ದಾರಿಯಲ್ಲಿ ಚೆಲ್ಲಾಪಿಲ್ಲಿ.

ಈ ಕುರಿತ ಬರವಣಿಗೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಕುದುರೆಗಳನ್ನು ತೀಕ್ಷ್ಣ, ಭದ್ರ, ಮಂದ ಎಂದು ವಿಂಗಡಿಸಿ, ಸ್ವಭಾವ ನೋಡಿ ಕೆಲಸಕ್ಕೆ ಹಚ್ಚಬೇಕೆನ್ನುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಕುದುರೆಗೂ ಸವಾರಿಗೂ ಧಾರಾಳ ಜಾಗ ಕೊಟ್ಟ. ಕನ್ನಡದಲ್ಲಿ ಅಭಿನವಚಂದ್ರ ಅಶ್ವವೈದ್ಯ ಬರೆದ.

ಆದರೆ ಲಾಯಗಳಲ್ಲಿ ನಡೆದದ್ದು ಹಗ್ಗದ ಆಳ್ವಿಕೆ. ತಲೆಯ ಎರಡೂ ಬದಿಗೆ ಕಟ್ಟಿದ ಅಗಾಡಿ ಮುಂದಿನ ಗೂಟಗಳಿಗೆ, ಹಿಂಗಾಲಿಗೆ ಬಿಗಿದ ಪಿಛಾಡಿ ಹಿಂದಿನ ಗೂಟಕ್ಕೆ. ಕುದುರೆ ಒದೆಯಲಾರದು, ಮುಂಗಾಲೆತ್ತಿ ನಿಲ್ಲಲಾರದು. ಆದರೆ ದಿನವಿಡೀ ಹೀಗೆ ನಿಂತ ಪ್ರಾಣಿಯ ಸಿಟ್ಟು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಬಾಯಿ ಕೊಯ್ಯುವ ಮುಳ್ಳಿನ ಕಡಿವಾಣ ಇದಕ್ಕಿಂತ ಕ್ರೂರ. ಅದನ್ನು ಕೇಂದ್ರ ಸರ್ಕಾರದ 1965ರ ನಿಯಮಗಳು ನಿಷೇಧಿಸಿವೆ.

ಕೋಪದಲ್ಲಿ ಕುದುರೆಯ ಬಳಿ ಹೋಗಬಾರದೆಂದು ಗ್ರೀಸಿನ ಕ್ಸೆನೊಫೋನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಬರೆದಿದ್ದ. 1858ರಲ್ಲಿ ಅಮೆರಿಕದ ಜಾನ್ ರೇರಿ ಇಂಗ್ಲೆಂಡಿನಲ್ಲಿ ಕ್ರೂಸರ್ ಎಂಬ ಕುಖ್ಯಾತ ಗಂಡುಕುದುರೆಯನ್ನು ಪಳಗಿಸಿದ. ಆತ ಒಂದು ಮುಂಗಾಲನ್ನು ಮಡಚಿ ಕಟ್ಟಿ, ಕುದುರೆ ಸೋತು ಮಲಗಿದ ಮೇಲೆ ಮೈದಡವುತ್ತಿದ್ದ. ಬಾರುಕೋಲಿಗಿಂತ ಮೇಲು, ನಿಜ. ಆದರೂ ಅದು ಬಲವಂತವೇ.

ಕುದುರೆಯ ತಂಟೆಗೆ ಬಹುಪಾಲು ಕಾರಣ ಭಯ ಇಲ್ಲವೇ ನೋವು. ಹುಣ್ಣಾದ ಬೆನ್ನು, ಚೂಪಾದ ಹಲ್ಲು, ಗೊರಸಿನ ಬಾಧೆ ಇವೆಯೇ ಎಂದು ಪಶುವೈದ್ಯರಿಗೆ ತೋರಿಸುವುದು ಮೊದಲ ಕೆಲಸ. ತಪ್ಪಿಗೆ ಗದರುವುದಿದ್ದರೆ ಆ ಕ್ಷಣದಲ್ಲೇ ಗದರಬೇಕು. ತಡವಾದ ಹೊಡೆತ ಯಾಕೆ ಬಿತ್ತೆಂದು ಅದಕ್ಕೆ ತಿಳಿಯದು.

ಬಾಲದ ಹಿಂದೆ ನಿಂತವರು ಕುದುರೆಗೆ ಕಾಣುವುದಿಲ್ಲ. ಆದ್ದರಿಂದ ಮಾತಾಡಿಸುತ್ತ, ಭುಜದ ಕಡೆಯಿಂದ ಹತ್ತಿರ ಹೋಗಿ. ಕಿವಿ ಹಿಂದಕ್ಕೆ ಮಡಚಿದರೆ ದೂರ ಸರಿಯಿರಿ. ಡೊಳ್ಳು ಬಾರಿಸುವ ಜಾತ್ರೆಯ ಗದ್ದಲದಲ್ಲಂತೂ ಹಗ್ಗವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬೇಡಿ.