ಐನಾಪುರದ ಮಕ್ಕಳಿಗೆ ಸಂವಿಧಾನದ ಪಾಠ

ಚಿಂಚೋಳಿ ತಾಲೂಕಿನ ಐನಾಪುರದ ಮಕ್ಕಳಿಗೂ ನಾವು 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತೆಂದೇ ಕಲಿಸುತ್ತೇವೆ. ಆದರೆ ಆ ದಿನ ಐನಾಪುರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನ ಭಾರತದ ಕೈಸೇರಿದ್ದು ಹದಿಮೂರು ತಿಂಗಳ ನಂತರ, 1948ರ ಸೆಪ್ಟೆಂಬರ್ 17ರಂದು. ಈ ನಡುವಿನ ಕಾಲವನ್ನು ಹಾರಿಸಿಬಿಟ್ಟರೆ ನಮ್ಮ ಸರ್ಕಾರ ಹುಟ್ಟಿದ ಬಗೆಯನ್ನು ಕಲಿಸಿದಂತಾಗುವುದಿಲ್ಲ.

ಪಾಠದಲ್ಲಿ ಬಿಟ್ಟದ್ದನ್ನು ಮಕ್ಕಳು ಮನೆಯಲ್ಲಿ ಕೇಳುತ್ತಾರೆ. ಒಂದು ಮನೆಯಲ್ಲಿ ರಜಾಕಾರರ ಕಥೆ, ಪಕ್ಕದ ಮನೆಯಲ್ಲಿ 'ಪೊಲೀಸ್ ಆಕ್ಷನ್' ಕಥೆ. ಒಂದೇ ಬೆಂಚಿನ ಮೇಲೆ ಕೂರುವ ಇಬ್ಬರ ತಲೆಯಲ್ಲಿ ಎರಡು ಇತಿಹಾಸ! ಖಾಸಿಂ ರಜ್ವಿಯ ರಜಾಕಾರರು ನಡೆಸಿದ ಕೊಲೆ, ಸುಲಿಗೆಗಳನ್ನು ನಾವು ಮುಚ್ಚಿಡಬೇಕಿಲ್ಲ. ಅವರನ್ನು ಎದುರಿಸಿ ಬರೆದ 'ಇಮ್ರೋಜ್' ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹತ್ಯೆಯಾದರು. ಅವರೂ ಮುಸ್ಲಿಮರೇ. ಹಾಗೆಯೇ, ಸೇನಾ ಕಾರ್ಯಾಚರಣೆಯ ವೇಳೆಯಲ್ಲೂ ನಂತರವೂ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನೂ ಹೇಳಬೇಕು. ಸರ್ಕಾರವೇ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜು ಮಾಡಿತು. ಅತಿಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ, ಬೀದರ್ ಎರಡೂ ಇದ್ದವು. ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳನ್ನೂ ಅದೇ ವರದಿ ನೆನೆದಿದೆ. ದಶಕಗಳ ಕಾಲ ಸರ್ಕಾರ ಅದನ್ನು ಪ್ರಕಟಿಸಲಿಲ್ಲ.

ಇನ್ನು ಸಂವಿಧಾನದ ಮಾತು. ಅದು 'ನಾವು' ಎಂಬ ಪದದಿಂದಲೇ ಶುರುವಾಗುತ್ತದೆ. ಆ 'ನಾವು' ಎಂಬುದರಲ್ಲಿ ನಮ್ಮ ಅಜ್ಜ, ಅಜ್ಜಿಯರಿದ್ದರೇ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಿದರೆ ಮೇಷ್ಟ್ರು ಏನು ಹೇಳಬೇಕು? ಸಂವಿಧಾನ ಸಭೆಗೆ ಹೈದರಾಬಾದ್ ಪ್ರತಿನಿಧಿಗಳನ್ನು ಕಳುಹಿಸಿರಲಿಲ್ಲ. ಭಾರತದ ಸಂವಿಧಾನವೇ ಸಂಸ್ಥಾನದ ಸಂವಿಧಾನ ಎಂದು 1949ರ ನವೆಂಬರ್ 23ರಂದು ನಿಜಾಮರು ಫರ್ಮಾನು ಹೊರಡಿಸಿದರು. ಪ್ರಜೆಗಳನ್ನು ಒಡೆಯರನ್ನಾಗಿಸುವ ಗ್ರಂಥ ಇಲ್ಲಿಗೆ ಬಂದದ್ದು ದೊರೆಯ ಅಪ್ಪಣೆಯ ಮೂಲಕ!

ಇಂಥದು ನಮ್ಮಲ್ಲಿ ಮಾತ್ರ ಆದದ್ದಲ್ಲ. 1787ರಲ್ಲಿ ಅಮೆರಿಕದ ಸಂವಿಧಾನ ಬರೆಯಲು ಫಿಲಡೆಲ್ಫಿಯಾದಲ್ಲಿ ಸಭೆ ಸೇರಿದಾಗ ರೋಡ್ ಐಲೆಂಡ್ ರಾಜ್ಯ ಯಾರನ್ನೂ ಕಳುಹಿಸಲಿಲ್ಲ. ಒಪ್ಪಿಗೆ ಕೊಟ್ಟದ್ದು 1790ರಲ್ಲಿ. ಆ ಸಂವಿಧಾನವೂ 'ನಾವು' ಎಂದೇ ಶುರುವಾಗುತ್ತದೆ. ಆದರೆ ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಿತು. ಮತದ ಹಕ್ಕಂತೂ ಆ ಗುಲಾಮರಿಗೆ ಇರಲೇ ಇಲ್ಲ.

ನಮ್ಮ ಅಜ್ಜಿಯರನ್ನು ಹಾಗೆ ಕಾಯಿಸಲಿಲ್ಲ. ಮೊದಲ ಚುನಾವಣೆಯಲ್ಲೇ, 21 ತುಂಬಿದ ಹೆಣ್ಣು, ಗಂಡು, ಬಡವ, ಜಮೀನ್ದಾರ ಎಲ್ಲರಿಗೂ ಒಂದೊಂದು ಮತವಿತ್ತು. ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳು ಆ ಮತಗಳಿಂದಲೇ ತುಂಬಿದವು. 1952ರ ಮಾರ್ಚ್‌ನಲ್ಲಿ ಬೂರ್ಗುಲ ರಾಮಕೃಷ್ಣ ರಾವ್ ಮುಖ್ಯಮಂತ್ರಿಯಾದರು. ನಿಜಾಮರು ಆಗ ರಾಜಪ್ರಮುಖರಾಗಿದ್ದರು.